ಸರ್ವರ್ ಒಳಗೆ ಬಿಡ್ತಿಲ್ವಾ? ಮೊದಲು ಅದು ಏನು ಹೇಳ್ತಿದೆ ಓದಿ

‘ಸರ್ವರ್ ಇಲ್ಲ’. ರಾಜ್ಯದ ಯಾವ ಕೌಂಟರಿಗೆ ಹೋದರೂ ಕೇಳಿಸುವ ಈ ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ಸಮಸ್ಯೆಗಳಿರುತ್ತವೆ. ಅವು ಒಂದೇ ಅಂತ ಒಪ್ಪಿಕೊಂಡ ಕ್ಷಣ ಯಾರನ್ನು ಪ್ರಶ್ನಿಸಬೇಕು ಅನ್ನೋದೂ ಮರೆತುಹೋಗುತ್ತದೆ. ನಿಮ್ಮ ಗುಂಪು ನರೇಗಾ ಕೂಲಿ ಲೆಕ್ಕವನ್ನೋ ಆರ್‌ಟಿಐ ಉತ್ತರಗಳನ್ನೋ ಜನರ ಮುಂದಿಡಲು ಕ್ಲೌಡಿನಲ್ಲಿ ಒಂದು ವರ್ಚುವಲ್ ಮಷಿನ್ ಬಾಡಿಗೆಗೆ ಹಿಡಿದಿದ್ದರೆ, ಲಾಗಿನ್ ಆಗದ ದಿನ ಈ ವ್ಯತ್ಯಾಸ ನಿಮಗೆ ಗೊತ್ತಿರಬೇಕು. ಹೆಚ್ಚಿನವು ಲಿನಕ್ಸ್ ಮಷಿನ್‌ಗಳು, ಒಳಹೋಗುವ ದಾರಿ ಎಸ್‌ಎಸ್‌ಎಚ್. ಹಾಗಾಗಿ ಅದರ ಬಗ್ಗೆಯೇ ಬರೀತೀನಿ.

‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬಂದರೆ ನಿಮ್ಮ ಕೂಗು ಮಷಿನ್‌ಗೆ ಮುಟ್ಟಿಲ್ಲ, ಅಥವಾ ಅದರಿಂದ ಉತ್ತರ ಬಂದಿಲ್ಲ. ಪಾಸ್‌ವರ್ಡ್, ಕೀಲಿ ಹುಡುಕಿ ಪ್ರಯೋಜನವಿಲ್ಲ. ಕ್ಲೌಡ್ ಕನ್ಸೋಲ್‌ನಲ್ಲಿ ಮಷಿನ್ ಓಡ್ತಿದೆಯಾ ನೋಡಿ. ಆಮೇಲೆ ಫೈರ್‌ವಾಲ್‌ನಲ್ಲಿ ಪೋರ್ಟ್ 22 ನಿಮ್ಮ ಐಪಿ ವಿಳಾಸಕ್ಕೆ ತೆರೆದಿದೆಯಾ ನೋಡಿ. ಹೊಳಲಿನಂಥ ಊರಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕೆಲಸ ಮಾಡುವವರ ಐಪಿ ಬದಲಾಗ್ತಾನೇ ಇರುತ್ತೆ. ನಿನ್ನೆ ಬಿಟ್ಟ ಬಾಗಿಲು ಇಂದು ಬಿಡೋದಿಲ್ಲ. ಮಷಿನ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದರೆ ಅದರ ಸಾರ್ವಜನಿಕ ಐಪಿಯೂ ಬದಲಾಗಿರಬಹುದು. ಸಿಟ್ಟಿಗೆ ಪೋರ್ಟನ್ನು ಇಡೀ ಜಗತ್ತಿಗೆ ತೆರೆಯಬೇಡಿ. ಅಂಥ ಬಾಗಿಲು ಹುಡುಕುವ ಬಾಟ್‌ಗಳು ಹಗಲೂರಾತ್ರಿ ತಿರುಗ್ತಿರುತ್ತವೆ. ದೊಡ್ಡ ಪ್ರಮಾಣದಲ್ಲಿ ನಡೆದರೆ ಇದು ಬೇರೆಯೇ ಕಥೆ: 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಸ್ಥಗಿತಗೊಂಡಾಗ, ಸುಳ್ಳು ವಿನಂತಿಗಳ ಪ್ರವಾಹ ಹರಿಸಿದ ಡಿಡಿಒಎಸ್ ದಾಳಿ ಕಾರಣ ಎಂದು ಸರ್ಕಾರ ಹೇಳಿತ್ತು.

‘ಕನೆಕ್ಷನ್ ರೆಫ್ಯೂಸ್ಡ್’ ಅಂದ್ರೆ ಸಾಮಾನ್ಯವಾಗಿ ಮನೆ ಸಿಕ್ಕಿದೆ, ಬಾಗಿಲು ತೆಗೆಯೋರಿಲ್ಲ. ಎಸ್‌ಎಸ್‌ಎಚ್ ಸೇವೆ ನಿಂತಿದೆ, ಇಲ್ಲವೇ ಬೇರೆ ಪೋರ್ಟಿನಲ್ಲಿದೆ.

ಜನ ಹೆಚ್ಚು ಒದ್ದಾಡೋದು ‘ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ’ ಮುಂದೆ. ಇಲ್ಲಿ ಜಾಲದ ತಪ್ಪಿಲ್ಲ, ಮಷಿನ್ ನಿಮ್ಮನ್ನು ಗುರುತಿಸ್ತಿಲ್ಲ. ಮೊದಲು ಬಳಕೆದಾರರ ಹೆಸರು ನೋಡಿ: ಉಬುಂಟು ಮಷಿನ್‌ಗೆ ‘ಉಬುಂಟು’, ಅಮೆಜಾನ್ ಲಿನಕ್ಸ್‌ಗೆ ‘ಇಸಿ2-ಯೂಸರ್’. ನಿಮ್ಮ ಲ್ಯಾಪ್‌ಟಾಪಿನ ಖಾಸಗಿ ಕೀಲಿಯ ಕಡತವನ್ನು ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸೋದೇ ಇಲ್ಲ, ಅನುಮತಿಯನ್ನು 600ಕ್ಕೆ ಇಳಿಸಿ. ಮಷಿನ್ ಕಡೆ ‘ಡಾಟ್ ಎಸ್‌ಎಸ್‌ಎಚ್’ ಫೋಲ್ಡರಿಗೆ 700, ಅದರೊಳಗಿನ ‘ಆಥರೈಸ್ಡ್ ಕೀಸ್’ ಕಡತಕ್ಕೆ 600. ಯಾರೋ ಅರ್ಧಂಬರ್ಧ ತಿಳಿದವರು ಎಲ್ಲಕ್ಕೂ 777 ಕೊಟ್ಟಿದ್ದರೆ ಅಲ್ಲೇ ಬಾಗಿಲು ಮುಚ್ಚಿದೆ ಅಂತ ತಿಳೀರಿ. ಗೂಗಲ್ ಕ್ಲೌಡಿನಲ್ಲಿ ‘ಓಎಸ್ ಲಾಗಿನ್’ ಚಾಲೂ ಆದರೆ ಮೆಟಾಡೇಟಾದಲ್ಲಿ ಹಾಕಿದ ಹಳೆ ಕೀಲಿಗಳು ನಡೆಯೋದಿಲ್ಲ, ಇದು ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಆದೇಶಕ್ಕೆ ‘ಹೈಫನ್ ವಿ’ ಸೇರಿಸಿ ಓಡಿಸಿ, ಯಾವ ಕೀಲಿ ತೋರಿಸಿದಿರಿ, ಎಲ್ಲಿ ನಿರಾಕರಿಸಿತು ಅನ್ನೋದು ಸಾಲುಸಾಲಾಗಿ ಕಾಣುತ್ತೆ.

ಖಾಸಗಿ ಕೀಲಿಯೇ ಕಳೆದಿದ್ದರೆ? ಅಮೆಜಾನ್ ಅದರ ಪ್ರತಿ ಇಟ್ಟುಕೊಳ್ಳೋದಿಲ್ಲ. ಕೃಷ್ಣದೇವರಾಯ ಗುಡಿ ಕಟ್ಟಿಸಿದ್ದು ಹೊಸಪೇಟೆ ಹತ್ತಿರದ ಅನಂತಶಯನಗುಡಿಯಲ್ಲಿ, ಅದಕ್ಕೆಂದು ಮಾಡಿಸಿದ ಮೂರ್ತಿ ಮಾತ್ರ ನಮ್ಮ ಹೊಳಲು ಬಿಟ್ಟು ಕದಲಲಿಲ್ಲ ಅಂತ ಐತಿಹ್ಯವಿದೆಯಲ್ಲ, ಹಾಗೆ ಆಗುತ್ತೆ: ಮಷಿನ್ ಮುಂಬೈಯಲ್ಲಿ ಓಡ್ತಿದೆ, ಒಳಗೆ ಯಾರೂ ಇಲ್ಲ. ಆದರೂ ದಾರಿ ಇದೆ. ಮಷಿನ್ ನಿಲ್ಲಿಸಿ, ಅದರ ಡಿಸ್ಕ್ ಬಿಚ್ಚಿ ಇನ್ನೊಂದು ಮಷಿನ್‌ಗೆ ಜೋಡಿಸಿ, ಹೊಸ ಸಾರ್ವಜನಿಕ ಕೀಲಿ ಬರೆದು ವಾಪಸ್ ಹಾಕಿ. ಆದರೆ ಇದಕ್ಕೆ ಕ್ಲೌಡ್ ಖಾತೆ ನಿಮ್ಮ ಕೈಯಲ್ಲಿರಬೇಕು. ಆ ಖಾತೆ ಗುತ್ತಿಗೆದಾರನ ಇಮೇಲ್‌ನಲ್ಲೋ, ಗುಂಪು ಬಿಟ್ಟುಹೋದ ಗೆಳೆಯನ ಫೋನ್ ನಂಬರಿನಲ್ಲೋ ಇದ್ದರೆ ನಿಮ್ಮದು ತಾಂತ್ರಿಕ ಸಮಸ್ಯೆ ಅಲ್ಲ, ಒಡೆತನದ ಸಮಸ್ಯೆ.

ಅದಕ್ಕೇ ನನಗೆ ಹಳೆಯ ‘ಭೂಮಿ’ ನೆನಪಾಗೋದು. 2000ದ ಆಸುಪಾಸಿನಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಯಾರು ತಿದ್ದಿದರು ಅನ್ನೋದಕ್ಕೆ ಗುರುತು ಉಳಿಯಲಿ, ನಾಳೆ ‘ನಾನಲ್ಲ’ ಅನ್ನೋಕೆ ಆಗದಿರಲಿ ಅಂತ. ಸರ್ಕಾರದಿಂದ ಪಾರದರ್ಶಕತೆ ಕೇಳುವ ನಾವು ನಮ್ಮ ಮಷಿನ್‌ಗೆ ಒಂದೇ ಹೆಸರು, ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಒಂದೇ ಕೀಲಿ ಇಟ್ಟುಕೊಂಡು ಕೂರ್ತೀವಿ. ದತ್ತಾಂಶ ಅಳಿಸಿಹೋದ ದಿನ ಯಾರನ್ನು ಕೇಳ್ತೀರಿ?

ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರದೇ ಕೀಲಿ ಇರಲಿ. ಕ್ಲೌಡ್ ಖಾತೆಯ ಮೇಲಧಿಕಾರ ಕನಿಷ್ಠ ಇಬ್ಬರ ಬಳಿ ಇರಲಿ. ಗುಂಪು ಬಿಟ್ಟವರ ಕೀಲಿಯನ್ನು ಅದೇ ದಿನ ಅಳಿಸಿ. ಜಗಳವಾಗಿಯೇ ಬಿಟ್ಟಿರಬೇಕು ಅಂತೇನಿಲ್ಲ, ಅವರ ಲ್ಯಾಪ್‌ಟಾಪ್ ನಾಳೆ ಯಾರ ಕೈಗೆ ಹೋಗುತ್ತೋ. ಇದನ್ನೆಲ್ಲ ಮಾಡುವಾಗ ತೆರೆದಿರುವ ಕಿಟಕಿ ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಲಾಗಿನ್ ಆಗ್ತಿದೆ ಅಂತ ಖಾತ್ರಿಯಾದ ಮೇಲೆ ಮುಚ್ಚಿ.