ಬೆಂಕಿಗೆ ಬಿದ್ದ ರೇಷ್ಮೆ ಕಾಲುಚೀಲ

1937ರ ಡಿಸೆಂಬರ್. ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಲ್ಲಿ ವಿದ್ಯಾರ್ಥಿ ಸಮ್ಮೇಳನ. ಹೊರಗೆ ಬೆಂಕಿ ಹಾಕಿದ್ದಾರೆ. ಹುಡುಗಿಯರು ರೇಷ್ಮೆ ಕಾಲುಚೀಲ, ಹುಡುಗರು ರೇಷ್ಮೆ ಟೈ ತೆಗೆದು ಅದರೊಳಕ್ಕೆ ಎಸೀತಿದ್ದಾರೆ.

ಯಾಕೆ ಗೊತ್ತಾ?

ಆ ವರ್ಷ ಜುಲೈನಲ್ಲಿ ಜಪಾನ್ ಚೀನಾ ಮೇಲೆ ಪೂರ್ಣ ಪ್ರಮಾಣದ ಯುದ್ಧ ಶುರು ಮಾಡಿತ್ತು. ಡಿಸೆಂಬರ್ ಹೊತ್ತಿಗೆ ನಾನ್‌ಜಿಂಗ್ ನಗರದಲ್ಲಿ ಹತ್ಯಾಕಾಂಡ ನಡೀತಿತ್ತು. ಜಪಾನಿನ ಕಚ್ಚಾ ರೇಷ್ಮೆಗೆ ಅತಿ ದೊಡ್ಡ ಗಿರಾಕಿ ಅಮೆರಿಕ. ಆ ರೇಷ್ಮೆಯ ಬಹುಪಾಲು ಹೋಗ್ತಿದ್ದದ್ದು ಹೆಂಗಸರ ಕಾಲುಚೀಲಕ್ಕೆ. ‘ನಾವು ಕೊಟ್ಟ ದುಡ್ಡೇ ಬಾಂಬ್ ಆಗ್ತಿದೆ’ ಅನ್ನೋದು ಈ ವಿದ್ಯಾರ್ಥಿಗಳ ವಾದ. ಇದು ಅಮೆರಿಕದಲ್ಲಷ್ಟೇ ಇದ್ದ ಮಾತಲ್ಲ. 1938ರ ಹರಿಪುರ ಅಧಿವೇಶನದಲ್ಲಿ ನಮ್ಮ ಕಾಂಗ್ರೆಸ್ ಕೂಡ ಜಪಾನಿ ಸರಕು ಕೊಳ್ಳಬೇಡಿ ಅಂತ ಕರೆ ಕೊಟ್ಟಿತ್ತು.

ಆದ್ರೆ ವಿರೋಧವೂ ಬಂತು, ಅದೂ ಕಾರ್ಮಿಕರಿಂದ. ರೇಷ್ಮೆ ಜಪಾನಿನದು, ಸರಿ. ಕಾಲುಚೀಲ ಹೆಣೆಯೋದು ಅಮೆರಿಕದ ಗಿರಣಿಗಳಲ್ಲಿ ತಾನೇ? ‘ನಮ್ಮ ಅನ್ನ ಕಿತ್ಕೊಂಡ್ರೆ ಯುದ್ಧ ನಿಲ್ಲುತ್ತಾ?’ ಅನ್ನೋದು ಅವರ ಪ್ರಶ್ನೆ. ಸುಲಭಕ್ಕೆ ತಳ್ಳಿಹಾಕೋ ಪ್ರಶ್ನೆ ಅಲ್ಲ ಇದು.

ಈಗ ಇನ್ನೊಂದು ಕಡೆ ನೋಡಿ. ಅದೇ ದಿನಗಳಲ್ಲಿ ಜಪಾನಿನ ವಿಮಾನ, ಹಡಗುಗಳಿಗೆ ಬೇಕಾದ ಎಣ್ಣೆಯಲ್ಲಿ ಹೆಚ್ಚಿನದ್ದು ಹೋಗ್ತಿದ್ದದ್ದು ಅಮೆರಿಕದಿಂದಲೇ. ಗುಜರಿ ಕಬ್ಬಿಣವೂ ಅಷ್ಟೇ. ಮಾರ್ತಿದ್ದದ್ದು ಅಮೆರಿಕದ ಕಂಪನಿಗಳೇ, ಅದೂ ಕಾನೂನುಬದ್ಧವಾಗಿ. ಕಾಲುಚೀಲವನ್ನ ಅಂಗಡಿಯಲ್ಲೇ ಬಿಟ್ಟು ಬರಬಹುದು. ಹಡಗು ತುಂಬ ಹೋಗೋ ಗುಜರಿಯನ್ನ ಗ್ರಾಹಕ ಎಲ್ಲಿ ನಿಂತು ಬೇಡ ಅನ್ನೋದು?

ಬೇಡ ಅನ್ನೋಕೆ ಸಾಧ್ಯ ಇದ್ದದ್ದು ಆ ಸರಕನ್ನ ಹೊರೋ ಕೈಗಳಿಗೆ. 1938ರ ನವೆಂಬರಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾ ಬಂದರಿನ ಕೂಲಿಗಳು ಹಾಗೇ ಮಾಡಿದ್ರು. ಜಪಾನಿಗೆ ಹೊರಟಿದ್ದ ‘ಡಾಲ್‌ಫ್ರಾಮ್’ ಹಡಗಿಗೆ ಬೀಡುಕಬ್ಬಿಣ ತುಂಬಲ್ಲ ಅಂದ್ರು. ಕಂಪನಿ ಉಕ್ಕಿನ ಕಾರ್ಖಾನೆಗೇ ಬೀಗ ಹಾಕ್ತು. ಸಾವಿರಾರು ಜನ ಕೆಲಸ ಕಳ್ಕೊಂಡ್ರು. ಜನವರಿಯಲ್ಲಿ ಕೂಲಿಗಳು ಪ್ರತಿಭಟಿಸ್ತಲೇ ಕಬ್ಬಿಣ ತುಂಬಬೇಕಾಯ್ತು. ಅವರ ವಿರುದ್ಧ ನಿಂತಿದ್ದ ಸಚಿವ ಮೆಂಜಿಸ್ ಮುಂದೆ ಪ್ರಧಾನಿಯೂ ಆದ. ‘ಪಿಗ್ ಐರನ್ ಬಾಬ್’ ಅನ್ನೋ ಅಡ್ಡಹೆಸರು ಮಾತ್ರ ಅವನನ್ನ ಬಿಡಲಿಲ್ಲ.

ಕೊನೆಗೆ ಬಾಗಿಲು ಹಾಕಿದ್ದು ಸರ್ಕಾರದ ಆದೇಶಗಳು. 1940ರಲ್ಲಿ ಅಮೆರಿಕ ಗುಜರಿ ಕಬ್ಬಿಣ ಕಳಿಸೋದನ್ನ ನಿಲ್ಲಿಸ್ತು; 1941ರಲ್ಲಿ ಎಣ್ಣೆಯೂ ನಿಂತ್ತು.

ಹಾಗಾದ್ರೆ ಕಾಲುಚೀಲ ಸುಟ್ಟದ್ದು ದಂಡವಾ? ನನಗೆ ಹಾಗೆ ಅನ್ಸಲ್ಲ. ಕಾಲುಚೀಲದಿಂದ ಶುರುವಾದ ಪ್ರಶ್ನೆ ಎಣ್ಣೆ, ಕಬ್ಬಿಣದವರೆಗೂ ಹೋಯ್ತು. 1938ರಲ್ಲೇ ಅಮೆರಿಕದಲ್ಲಿ ಕೆಲವರು ಯುದ್ಧ ಸಾಮಗ್ರಿ ಮಾರಾಟಕ್ಕೇ ತಡೆ ಹಾಕಿ ಅಂತ ಸರ್ಕಾರದ ಬೆನ್ನು ಬಿದ್ದಿದ್ರು.

ಇವತ್ತು ನೀವೂ ಯಾವುದೋ ಕಂಪನಿಯ ವಸ್ತು ಬೇಡ ಅಂತ ಬಿಟ್ಟಿರಬಹುದು. ಒಳ್ಳೇದು. ಜೊತೆಗೆ ಇದನ್ನೂ ಕೇಳಿ ನೋಡಿ: ಅಂಗಡಿಗೆ ಬರದೇ ಹೋಗೋ ಸರಕು ಯಾವುದು? ಅದನ್ನ ಮಾರ್ತಿರೋರು ಯಾರು?

#ಇತಿಹಾಸ #ಬಹಿಷ್ಕಾರ #ಕನ್ನಡ