ಹಳ್ಳಿ ಪತ್ತಿನ ಸಂಘಗಳ ಹಿರಿಯಜ್ಜ ರೈಫೈಸನ್

ಸಂಘ ಕಟ್ಟಿದ ನಮ್ಮೂರ ಹಿರಿಯರ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಬರೆಯುತ್ತಿರುವುದು ನಮ್ಮ ದೇಶವನ್ನೇ ನೋಡದ ಒಬ್ಬ ಹಿರಿಯರ ಕುರಿತು. ಅವರೇ ಜರ್ಮನಿಯ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್.

ಅವರು ಹುಟ್ಟಿದ್ದು 1818ರಲ್ಲಿ. ಮನೆ ತುಂಬಾ ಮಕ್ಕಳು, ಹೆಚ್ಚು ಓದಲು ಆಗಲಿಲ್ಲ. 17ನೇ ವಯಸ್ಸಿಗೇ ಫಿರಂಗಿ ದಳ ಸೇರಿದರು. ಕಣ್ಣಿನ ರೋಗ ಬಂದು 1843ರಲ್ಲಿ ಸೈನ್ಯ ಬಿಟ್ಟರು. 1845ರಲ್ಲಿ ವೇಯರ್‌ಬುಷ್ ಎಂಬಲ್ಲಿ ಮೇಯರ್ ಆದರು. ಮರುವರ್ಷವೇ ಬರಗಾಲ. ಅನುಕೂಲಸ್ಥರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರೊಟ್ಟಿನ ಒಲೆಯಲ್ಲಿ ರೊಟ್ಟಿ ಸುಡಿಸಿ ಬಡವರಿಗೆ ಸಾಲವಾಗಿ ಕೊಟ್ಟರು. ಆಮೇಲೆ ಫ್ಲಾಮರ್ಸ್‌ಫೆಲ್ಡ್‌ನಲ್ಲಿ, ಸಾಹುಕಾರರ ಕೈಗೆ ಸಿಕ್ಕ ರೈತರಿಗೆ ದನ ಕೊಡಿಸಿ ಕಂತಿನಲ್ಲಿ ಹಣ ಕಟ್ಟಿಸಿಕೊಳ್ಳುವ ಸಂಘ ಮಾಡಿದರು.

ಕಷ್ಟದಲ್ಲಿರುವವರಿಗೆ ಮಾಡಿದ್ದೇ ದೇವರ ಸೇವೆ ಎಂದು ನಂಬಿದ ದೈವಭಕ್ತ ಕ್ರೈಸ್ತರು ಅವರು. ಆದರೆ ಉಳ್ಳವರ ದಾನದ ಮೇಲೆ ನಿಂತ ಸಂಘ ಬಹಳ ದಿನ ಬಾಳಲಿಲ್ಲ. ಕೊಡುವವರಿಗೆ ಬೇಸರ ಬಂತು. ಆಗ ಅವರು ತಮ್ಮ ದಾರಿಯನ್ನೇ ಬದಲಿಸಿದರು. ಇದೇ ಅವರ ದೊಡ್ಡತನ ಅಂತ ನನಗೆ ಅನ್ನಿಸುತ್ತದೆ. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಶುರುವಾದ ಸಂಘದಲ್ಲಿ ಸಾಲ ಬೇಕಾದವನು ತಾನೇ ಸದಸ್ಯನಾಗಬೇಕು. ಒಬ್ಬನ ಸಾಲ ಮುಳುಗಿದರೆ ಎಲ್ಲರ ಆಸ್ತಿಯೂ ಹೊಣೆ. ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ ಎಂದು ಎಲ್ಲರಿಗೂ ಗೊತ್ತಿರಬೇಕು. ಲಾಭ ಹಂಚಬಾರದು, ನಿಧಿಗೇ ಸೇರಬೇಕು. ಲೆಕ್ಕ ಬರೆಯುವವನಿಗೆ ಮಾತ್ರ ಸಂಬಳ, ನಿರ್ದೇಶಕರದ್ದು ಪುಕ್ಕಟೆ ದುಡಿಮೆ. (ನಮ್ಮ ಸಿಟ್ಟಿಂಗ್ ಫೀ ವಿಚಾರ ಇಲ್ಲಿ ಬೇಡ!)

1865ರಲ್ಲಿ ಕಣ್ಣು ತೀರಾ ಮಂಜಾಗಿ ಮೇಯರ್ ಕೆಲಸವೂ ಹೋಯಿತು. ಪಿಂಚಣಿ ಸಾಲದು, ಹೆಂಡತಿ ಆಗಲೇ ತೀರಿಕೊಂಡಿದ್ದರು. ಹೊಟ್ಟೆಪಾಡಿಗೆ ಮೊದಲು ಚುಟ್ಟಾ ಕಾರ್ಖಾನೆ, ಆಮೇಲೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ವ್ಯಾಪಾರದ ನಡುವೆಯೇ ಸಂಘಗಳ ಕೆಲಸ. 1866ರಲ್ಲಿ ಅವರ ಪುಸ್ತಕ ಬಂತು. ಓದುವುದು, ಬರೆಯುವುದು ಎಲ್ಲಕ್ಕೂ ಮಗಳು ಅಮಾಲಿಯೇ ಕಣ್ಣು. ಆ ಹೆಣ್ಣುಮಗಳ ಹೆಸರನ್ನು ಹೇಳುವವರು ಕಡಿಮೆ. 1888ರಲ್ಲಿ ರೈಫೈಸನ್ ತೀರಿಕೊಂಡರು.

ನಮಗೂ ಅವರಿಗೂ ಏನು ನಂಟು ಎಂದರೆ, ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ರೈತರ ಸಾಲದ ಮೇಲೆ ಕೊಟ್ಟ ವರದಿಯಲ್ಲಿ, ಇಂಥವರೇ ನಮ್ಮ ಹಳ್ಳಿಗಳಿಗೂ ಬೇಕು ಎಂದರು. 1904ರಲ್ಲಿ ಕಾಯಿದೆ ಬಂತು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಂಘ ತೆರೆದರು.