ಅಪರೂಪದ ಗಡ್ಡೆಗಳು: ಅಂತರರಾಷ್ಟ್ರೀಯ ವೈದ್ಯಕೀಯ ಸಹಯೋಗ

ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಮಂದಿಗೆ ಬರುವ ಕ್ಯಾನ್ಸರನ್ನು ಯುರೋಪಿನ ತಜ್ಞರು ಅಪರೂಪದ್ದೆಂದು ಗಣಿಸುತ್ತಾರೆ. ಒಂದೊಂದು ಆಸ್ಪತ್ರೆಗೆ ಬರುವ ಇಂಥ ರೋಗಿಗಳು ಬೆರಳೆಣಿಕೆಯಷ್ಟಾದ್ದರಿಂದ ಸಂಶೋಧನೆಗೆ ಹಲವು ದೇಶಗಳ ಮಾಹಿತಿ ಒಟ್ಟುಗೂಡಬೇಕಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಹತ್ತಿರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದರೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಅಲ್ಲಿ 1982ರಿಂದ ನಡೆಯುತ್ತಿರುವ ಜನಸಂಖ್ಯಾಧಾರಿತ ನೋಂದಣಿಯ, ಅಂದರೆ ನಿರ್ದಿಷ್ಟ ಪ್ರದೇಶದ ನಿವಾಸಿಗಳಲ್ಲಿ ಪತ್ತೆಯಾದ ಕ್ಯಾನ್ಸರ್‌ಗಳ ದಾಖಲೆಯ, ಅಂಕಿಅಂಶಗಳು ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸಂಪುಟಗಳಲ್ಲಿ ಸೇರಿವೆ. ಆದರೆ ಅದರ ವ್ಯಾಪ್ತಿ ಬೆಂಗಳೂರು ನಗರಕ್ಕೆ ಸೀಮಿತವಾದುದರಿಂದ ಈ ತಾಲ್ಲೂಕುಗಳ ನಿವಾಸಿಗಳು ಆಸ್ಪತ್ರೆಯ ಕಡತದಲ್ಲಿದ್ದರೂ ಆ ಲೆಕ್ಕದೊಳಗೆ ಬರುವುದಿಲ್ಲ, ಇದು ಸಣ್ಣ ಕೊರತೆಯೇನಲ್ಲ. ಹಲವು ದೇಶಗಳ ಮಾಹಿತಿ ಒಟ್ಟುಗೂಡಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಕಣ್ಣಪಾಪೆಯ ಬಿಳಿ ಹೊಳಪಿನಿಂದ ಸಾಮಾನ್ಯವಾಗಿ ಗುರುತಾಗುವ, ಮಕ್ಕಳ ಅಕ್ಷಿಪಟಲದ ಗಡ್ಡೆಯಾದ ರೆಟಿನೊಬ್ಲಾಸ್ಟೋಮಾ ಕುರಿತ ಜಾಗತಿಕ ಅಧ್ಯಯನವೊಂದು 2017ರಲ್ಲಿ ಪತ್ತೆಯಾದ, 153 ದೇಶಗಳ 4,351 ರೋಗಿಗಳ ಮಾಹಿತಿಯನ್ನು ಕೂಡಿಸಿ, ಬಡ ದೇಶಗಳಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆಂದು ತೋರಿಸಿತು.